ಮಗುವಿನ ಕಣ್ಣು, ಮನೆಯ ಲೆಕ್ಕ

ನಮ್ಮ ಮಧ್ಯಮ ವರ್ಗದ ಸಂಸಾರಗಳಲ್ಲಿ ತಿಂಗಳ ಲೆಕ್ಕವೆಂಬುದು ಮೈಗೆ ಬಿಗಿಯಾಗಿ ಹೊಲಿದ ಅಂಗಿಯಂತೆ. ಮನೆ ಬಾಡಿಗೆ, ಶಾಲೆಯ ಫೀಜು, ಅಕ್ಕಿ ಬೇಳೆ, ಹಾಲು, ಕರೆಂಟು, ಊರಿನಲ್ಲಿರುವ ಹಿರಿಯರಿಗೆ ಕಳಿಸುವ ಹಣ, ಇಷ್ಟೆಲ್ಲ ಕಳೆದ ಮೇಲೆ ತೋಳೆತ್ತುವಷ್ಟು ಸಡಿಲವೂ ಉಳಿಯುವುದಿಲ್ಲ. ಅಂಥ ಮನೆಗೆ ಒಂದು ದಿನ ಶಾಲೆಯಿಂದ ಚೀಟಿ ಬರುತ್ತದೆ: ಮಗುವಿಗೆ ಕರಿಹಲಗೆ ಸರಿಯಾಗಿ ಕಾಣುತ್ತಿಲ್ಲ, ಕಣ್ಣು ತೋರಿಸಿ. ತೋರಿಸಿದರೆ, ‘ಒಂದು ಕಣ್ಣು ಮಂದವಾಗಿದೆ, ವಿಷನ್ ಥೆರಪಿ ಬೇಕು, ವಾರಕ್ಕೆ ಎರಡು ಸಲ ಬನ್ನಿ’ ಎನ್ನುತ್ತಾರೆ. ಅದಕ್ಕೆ ತಗಲುವ ಹಣವನ್ನು ಕೇಳಿದ ಕೂಡಲೇ ತಂದೆ ತಾಯಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ.

ಆಗ ಎರಡು ದಾರಿಗಳು ಮಾತ್ರ ಇವೆಯೆಂದು ತೋರುತ್ತದೆ. ಒಂದು, ಸಾಲ ಮಾಡಿಯಾದರೂ ಹೇಳಿದಷ್ಟು ಕೊಡುವುದು. ಇನ್ನೊಂದು, ‘ಬೋನಸ್ ಬರಲಿ, ಆಮೇಲೆ ನೋಡೋಣ’ ಎಂದು ಮುಂದೂಡುವುದು. ಮೊದಲನೆಯದು ಎಷ್ಟೋ ಸಲ ಅನಾವಶ್ಯಕ, ಎರಡನೆಯದು ಅಪಾಯ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಮಕ್ಕಳ ಕಣ್ಣಿನ ಚಿಕಿತ್ಸೆಗಳಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾಗಿ ನಿಂತಿರುವ ಹಲವು ಮದ್ದುಗಳು ಅಗ್ಗದವೇ ಆಗಿವೆ. ಅವು ಕೇಳುವುದು ಹಣಕ್ಕಿಂತ ಹೆಚ್ಚಾಗಿ ನಮ್ಮ ವೇಳೆಯನ್ನು. ಈ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇವೆ.

ಕಣ್ಣಿಗಲ್ಲ, ಮಿದುಳಿಗೆ ಪಾಠ

ಕಣ್ಣಿದ್ದ ಮಾತ್ರಕ್ಕೆ ನೋಟ ಬಂದುಬಿಡುವುದಿಲ್ಲ. ನಡೆಯುವುದನ್ನು, ಮಾತನಾಡುವುದನ್ನು ಕಲಿಯುವಂತೆ ಮಗು ನೋಡುವುದನ್ನೂ ಕಲಿಯಬೇಕು. ಕಣ್ಣು ಚಿತ್ರವನ್ನು ಕಳಿಸುತ್ತದೆ. ಅದನ್ನು ಓದುವುದು ಮಿದುಳು. ಒಂದು ಕಣ್ಣಿನ ಪವರು ಇನ್ನೊಂದಕ್ಕಿಂತ ಬಹಳ ಹೆಚ್ಚಾಗಿದ್ದರೆ, ಅಥವಾ ಒಂದು ಕಣ್ಣು ಓರೆಯಾಗಿದ್ದರೆ, ಮಿದುಳು ಒಳ್ಳೆಯ ಕಣ್ಣಿನ ಚಿತ್ರವನ್ನು ಮಾತ್ರ ಸ್ವೀಕರಿಸಿ ಇನ್ನೊಂದನ್ನು ಕಡೆಗಣಿಸುತ್ತ ಹೋಗುತ್ತದೆ. ಕಾಲ ಕಳೆದಂತೆ ಆ ಕಣ್ಣಿಗೆ ಕನ್ನಡಕ ಹಾಕಿದರೂ ನೋಟ ಪೂರ್ತಿ ತಿಳಿಯಾಗದು. ಇದನ್ನೇ ವೈದ್ಯರು ಅಂಬ್ಲಿಯೋಪಿಯ ಎನ್ನುತ್ತಾರೆ. ಜನರ ಮಾತಿನಲ್ಲಿ ಸೋಮಾರಿ ಕಣ್ಣು.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ನಡೆಸಿದರು. ಎಳೆತನದಲ್ಲಿ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟರೆ, ಆಮೇಲೆ ಅದನ್ನು ತೆರೆದರೂ ಮಿದುಳು ಅದರ ಮಾತನ್ನು ಕೇಳುವುದಿಲ್ಲವೆಂದು ತೋರಿಸಿದರು. ದೃಷ್ಟಿಯ ಕುರಿತ ಅವರ ಸಂಶೋಧನೆಗೆ 1981ರಲ್ಲಿ ನೊಬೆಲ್ ಬಹುಮಾನ ಬಂದಿತು. ಮನುಷ್ಯನ ಮಗುವಿಗೂ ಹೀಗೆಯೇ ಕಲಿಕೆಯ ಕಾಲವೊಂದಿದೆ. ಏಳು ವರ್ಷದೊಳಗೆ ಆರಂಭಿಸಿದ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಇಲ್ಲಿ ಬಹುಮಟ್ಟಿಗೆ ನಿಜ. ಆದರೆ ಪೂರ್ತಿ ನಿಜವಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, 7ರಿಂದ 12 ವರ್ಷದ ಮಕ್ಕಳಲ್ಲಿ ಚಿಕಿತ್ಸೆ ಪಡೆದ ಅರ್ಧದಷ್ಟು ಮಂದಿಗೆ ಗುಣ ಕಂಡಿತ್ತು. ಆದ್ದರಿಂದ ಎಂಟು ತುಂಬಿತೆಂದು ಕೈಚೆಲ್ಲಿ ಕೂಡಬೇಕಾಗಿಲ್ಲ.

ಬಂಗಾಳದಲ್ಲಿ ಸ್ವಲ್ಪ ಓರೆಗಣ್ಣಿನ ಮಗುವನ್ನು ಕಂಡರೆ ‘ಲೊಕ್ಖಿ ಟ್ಯಾರಾ’ ಎಂದು ಮುದ್ದು ಮಾಡುತ್ತಾರೆ. ಲಕ್ಷ್ಮಿಯ ಕಳೆಯೆಂದು ಅವರ ಭಾವನೆ. ನಮ್ಮೂರ ಕಡೆಯೂ ಮೆಳ್ಳೆಗಣ್ಣು ಅದೃಷ್ಟವೆನ್ನುವ ಅಜ್ಜಿಯರುಂಟು. ಪ್ರೀತಿಯ ಮಾತು, ಬೇಡವೆನ್ನಲಾರೆವು. ಆದರೆ ಆ ಅದೃಷ್ಟವನ್ನು ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿಬಿಡುವುದು ಲೇಸು. ಇನ್ನು ಓರೆಯಿಲ್ಲದ ಸೋಮಾರಿ ಕಣ್ಣು ಹೊರಗೆ ಕಾಣುವುದೇ ಇಲ್ಲ. ಒಳ್ಳೆಯ ಕಣ್ಣಿನಿಂದ ಎಲ್ಲ ಕಾಣುತ್ತಿರುವಾಗ ಮಗು ದೂರುವುದಾದರೂ ಏನನ್ನು?

ಮೊದಲು ಹೆಸರು, ಆಮೇಲೆ ಹಣ

ವಿಷನ್ ಥೆರಪಿ ಎಂಬುದು ಒಂದೇ ಚಿಕಿತ್ಸೆಯ ಹೆಸರಲ್ಲ. ಹಲವು ಸಾಮಾನುಗಳನ್ನು ತುಂಬಿದ ಚೀಲದ ಹೆಸರು. ಚೀಲಕ್ಕೆ ಬೆಲೆ ಕಟ್ಟುವ ಮೊದಲು ಒಳಗೇನಿದೆಯೆಂದು ನೋಡಬೇಕು. ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆ ‘ಎಷ್ಟಾಗುತ್ತದೆ?’ ಎಂದಲ್ಲ, ‘ನಮ್ಮ ಮಗುವಿನ ತೊಂದರೆಯ ಹೆಸರೇನು? ಬರೆದುಕೊಡಿ’ ಎಂದು.

ಆ ಹೆಸರು ಸೋಮಾರಿ ಕಣ್ಣು ಎಂದಿದ್ದರೆ ಚಿಕಿತ್ಸೆ ಬಹುಪಾಲು ಮನೆಯಲ್ಲಿಯೇ ನಡೆಯುವಂಥದು. ಹತ್ತಿರದ ವಸ್ತುವನ್ನು ನೋಡುವಾಗ ಎರಡು ಕಣ್ಣುಗಳೂ ಒಳಕ್ಕೆ ಕೂಡಿಬರುವ ಶಕ್ತಿ ಸಾಲದು ಎಂದಿದ್ದರೆ, ಕೇಂದ್ರಕ್ಕೆ ಹೋಗಿ ಮಾಡುವ ವ್ಯಾಯಾಮಕ್ಕೆ ಅರ್ಥವಿದೆ. ಮಗುವಿಗೆ ಓದುವುದೇ ಕಷ್ಟ, ಅಕ್ಷರ ತಿರುವುಮುರುವಾಗುತ್ತದೆ, ಡಿಸ್ಲೆಕ್ಸಿಯ ಇದೆ, ಅದಕ್ಕಾಗಿ ಕಣ್ಣಿನ ವ್ಯಾಯಾಮ ಎಂದರೆ, ಅಲ್ಲಿ ನಿಂತು ಯೋಚಿಸಬೇಕು. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಸ್ಥೆಗಳು 2009ರಲ್ಲಿ ಜಂಟಿಯಾಗಿ ಹೊರಡಿಸಿದ ಹೇಳಿಕೆಯಲ್ಲಿ, ಇಂಥ ಕಲಿಕೆಯ ತೊಂದರೆಗೆ ಕಣ್ಣಿನ ವ್ಯಾಯಾಮ ಮದ್ದೆನ್ನಲು ಆಧಾರವಿಲ್ಲವೆಂದು ಸ್ಪಷ್ಟಪಡಿಸಿವೆ. ಅಂಥ ಮಗುವಿಗೆ ಬೇಕಾದದ್ದು ಅಕ್ಷರ ಕಲಿಸುವ ವಿಶೇಷ ಶಿಕ್ಷಕರು. ಕೈಯಲ್ಲಿರುವ ನಾಲ್ಕು ಕಾಸು ಅತ್ತ ಹೋಗಲಿ.

ಹೆಸರು ತಿಳಿಯಬೇಕಾದರೆ ಪರೀಕ್ಷೆ ಸರಿಯಾಗಿ ಆಗಬೇಕು. ಕನ್ನಡಕದ ಅಂಗಡಿಯಲ್ಲಿ ಯಂತ್ರದ ಮುಂದೆ ಕೂಡಿಸಿ ಎರಡು ನಿಮಿಷದಲ್ಲಿ ನೋಡುವುದು ಮಕ್ಕಳಿಗೆ ಸಾಲದು. ಕಣ್ಣಿಗೆ ಮದ್ದು ಹಾಕಿ, ಪಾಪೆ ಅಗಲಿಸಿ, ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ನೋಡಬೇಕು. ಈ ಒಂದು ಪರೀಕ್ಷೆಯಲ್ಲಿ ಮಾತ್ರ ಕೃಪಣತನ ಕೂಡದು.

ಅಗ್ಗದ ಮದ್ದು

ಸೋಮಾರಿ ಕಣ್ಣಿಗೆ ಮೊದಲ ಮದ್ದು ಕನ್ನಡಕ. ಎದ್ದಾಗಿನಿಂದ ಮಲಗುವ ತನಕ ಹಾಕಿಕೊಂಡಿರತಕ್ಕದ್ದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇರೇನೂ ಇಲ್ಲದೆ ಕನ್ನಡಕದಿಂದಲೇ ಸುಮಾರು ಕಾಲುಭಾಗದಷ್ಟು ಮಕ್ಕಳ ಸೋಮಾರಿ ಕಣ್ಣು ಪೂರ್ತಿ ಸರಿಹೋಯಿತು. ಆದ್ದರಿಂದಲೇ ಅನೇಕ ವೈದ್ಯರು ಮೊದಲ ಮೂರು ನಾಲ್ಕು ತಿಂಗಳು ಬರಿಯ ಕನ್ನಡಕ ಕೊಟ್ಟು ಕಾಯುತ್ತಾರೆ.

ಎರಡನೆಯದು ಪಟ್ಟಿ. ಒಳ್ಳೆಯ ಕಣ್ಣನ್ನು ದಿನಕ್ಕೆ ಇಷ್ಟು ಹೊತ್ತೆಂದು ಮುಚ್ಚಿ, ಸೋಮಾರಿ ಕಣ್ಣಿಗೆ ಕೆಲಸ ಹಚ್ಚುವುದು. ಹಿಂದೆ ದಿನವಿಡೀ ಮುಚ್ಚುತ್ತಿದ್ದರು. ಮಗುವಿನ ಗೋಳು ಹೇಳತೀರದು. ಏಳು ವರ್ಷದೊಳಗಿನ, ಮಧ್ಯಮ ತೀವ್ರತೆಯ ತೊಂದರೆಯುಳ್ಳ 189 ಮಕ್ಕಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2 ತಾಸು ಮುಚ್ಚಿದರೂ 6 ತಾಸು ಮುಚ್ಚಿದರೂ ಫಲ ಒಂದೇ ಎಂದು ಕಂಡುಬಂದಿತು. ತೊಂದರೆ ಹೆಚ್ಚಾಗಿದ್ದವರಿಗೆ ಹೆಚ್ಚು ತಾಸು ಬೇಕಾದೀತು. ಅದನ್ನು ವೈದ್ಯರೇ ಹೇಳಬೇಕು.

ಮೂರನೆಯದು ಅಟ್ರೋಪಿನ್ ಹನಿ. ಒಳ್ಳೆಯ ಕಣ್ಣಿಗೆ ಹಾಕಿ ಅದರ ನೋಟವನ್ನು ತಾತ್ಕಾಲಿಕವಾಗಿ ಮಸುಕುಗೊಳಿಸುವುದು. ಪಟ್ಟಿಯನ್ನು ಕಿತ್ತೆಸೆಯುವ ಮಗುವಿಗೆ ಇದು ಅನುಕೂಲ. 419 ಮಕ್ಕಳನ್ನು ಒಳಗೊಂಡ 2002ರ ಅಧ್ಯಯನದಲ್ಲಿ ಹನಿಯೂ ಪಟ್ಟಿಯೂ ಹೆಚ್ಚುಕಡಿಮೆ ಸಮನಾಗಿ ನಿಂತವು. ವಾರದ ಕೊನೆಯ ಎರಡು ದಿನ ಮಾತ್ರ ಹಾಕಿದರೂ ಸಾಕಾಗುವುದುಂಟು. ಆದರೆ ಇದು ಬಾಯಿಗೆ ಹೋದರೆ ವಿಷ. ವೈದ್ಯರು ಬರೆದುಕೊಟ್ಟರೆ ಮಾತ್ರ ತರಬೇಕು, ಮಕ್ಕಳ ಕೈಗೆಟುಕದ ಕಡೆ ಇಡಬೇಕು.

ಹಣ ಉಳಿಸಬಾರದ ಕಡೆಯೊಂದಿದೆ. ಒಂದು ಕಣ್ಣು ಮಂದವಾದ ಮಗುವಿಗೆ ಒಳ್ಳೆಯ ಕಣ್ಣೇ ಆಸ್ತಿ. ಆಟದಲ್ಲಿ ಚೆಂಡು ತಗುಲಿ ಗಾಜು ಒಡೆಯಬಾರದು. ಚೌಕಟ್ಟು ಸಾದಾ ಇರಲಿ, ಮಸೂರ ಮಾತ್ರ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟಿನದಾಗಿರಲಿ.

ಕೇಂದ್ರಕ್ಕೆ ಹೋಗುವುದು ಸಾರ್ಥಕವಾಗುವುದು ಎಲ್ಲಿ?

ಎರಡು ಕಣ್ಣುಗಳು ಹತ್ತಿರದಲ್ಲಿ ಕೂಡಿಬಾರದ ತೊಂದರೆಗೆ ಕನ್ವರ್ಜೆನ್ಸ್ ಇನ್‌ಸಫಿಷಿಯೆನ್ಸಿ ಎಂದು ಹೆಸರು. ಪುಸ್ತಕ ಹಿಡಿದರೆ ತಲೆನೋವು, ಅಕ್ಷರ ಎರಡೆರಡಾಗಿ ಕಾಣುವುದು, ಸಾಲು ತಪ್ಪುವುದು ಇದರ ಲಕ್ಷಣ. 9ರಿಂದ 17 ವರ್ಷದ 221 ಮಕ್ಕಳನ್ನು ನಾಲ್ಕು ಗುಂಪು ಮಾಡಿ 12 ವಾರ ನೋಡಿದ ಅಧ್ಯಯನವೊಂದು 2008ರಲ್ಲಿ ಹೊರಬಂದಿತು. ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಿ, ಉಳಿದ ದಿನ ಮನೆಯಲ್ಲಿ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 73 ಮಂದಿಗೆ ಗುಣವಾಯಿತು ಅಥವಾ ಉತ್ತಮವಾಯಿತು. ಪೆನ್ಸಿಲಿನ ತುದಿಯನ್ನು ಮೂಗಿನ ಹತ್ತಿರ ತರುತ್ತ ಮನೆಯಲ್ಲೇ ಅಭ್ಯಾಸ ಮಾಡಿದವರಲ್ಲಿ 43 ಮಂದಿಗೆ. ಪೆನ್ಸಿಲಿನ ಜೊತೆಗೆ ಮನೆಯಲ್ಲಿ ಕಂಪ್ಯೂಟರಿನ ಮೇಲೆ ಅಭ್ಯಾಸ ಮಾಡಿದವರಲ್ಲಿ 33 ಮಂದಿಗೆ. ಹೆಸರಿಗೆ ಮಾತ್ರ ಚಿಕಿತ್ಸೆ ಪಡೆದವರಲ್ಲೂ 35 ಮಂದಿಗೆ.

ಇದರಿಂದ ಸಂಸಾರಸ್ಥರು ಕಲಿಯಬೇಕಾದ ಪಾಠ ಎರಡು. ಈ ತೊಂದರೆಗೆ ಕೇಂದ್ರದ ಖರ್ಚು ದಂಡವಲ್ಲ. ಆದರೆ ‘ಮನೆಯಲ್ಲೇ ಆಡಿಸಿ’ ಎಂದು ಮಾರುವ ಕಂಪ್ಯೂಟರ್ ಸಾಮಾನಿಗೆ ಹಣ ತೆರುವ ಮೊದಲು ಹತ್ತು ಸಲ ಯೋಚಿಸಬೇಕು. ಇನ್ನೊಂದು ಮಾತನ್ನೂ ಸೇರಿಸಬೇಕು. 311 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದೇ ಚಿಕಿತ್ಸೆಯಿಂದ ಮಕ್ಕಳ ಓದಿನ ಗ್ರಹಿಕೆ ಹೆಸರಿಗೆ ಮಾತ್ರ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಾಗಲಿಲ್ಲ. ಕಣ್ಣಿನ ಆಯಾಸ ತಗ್ಗೀತು. ಪರೀಕ್ಷೆಯಲ್ಲಿ ಮೊದಲ ನಂಬರು ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ಕೋಲ್ಕತ್ತದಲ್ಲಿ ಎಲ್ಲಿಗೆ ಹೋಗುವುದು?

ಕಾಲೇಜ್ ಸ್ಟ್ರೀಟಿನ ಮೆಡಿಕಲ್ ಕಾಲೇಜು 1835ರಲ್ಲಿ ಸ್ಥಾಪನೆಯಾದದ್ದು. ಅದರ ಆವರಣದಲ್ಲಿಯೇ ಸರ್ಕಾರದ ಪ್ರಾದೇಶಿಕ ನೇತ್ರ ಸಂಸ್ಥೆ ಇದೆ. ರಾಸ್‌ಬಿಹಾರಿ, ಲೇಕ್ ಮಾರ್ಕೆಟ್ ಕಡೆ ವಾಸಿಸುವ ನಮ್ಮವರು ಕಾಳಿಘಾಟ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಸೆಂಟ್ರಲ್ ಅಥವಾ ಮಹಾತ್ಮಾ ಗಾಂಧಿ ರೋಡಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಹೊರರೋಗಿಗಳ ಚೀಟಿಗೆ ನಾಮಮಾತ್ರದ ಹಣ. ಆದರೆ ಅಲ್ಲಿ ಸಾಲು ಉದ್ದ. ಬೆಳಿಗ್ಗೆ ಬೇಗ ಹೋಗಬೇಕು, ಒಂದು ದಿನದ ರಜೆ ಹೋಯಿತೆಂದೇ ಇಟ್ಟುಕೊಳ್ಳಬೇಕು. ಮಕ್ಕಳ ಕಣ್ಣನ್ನೂ ಮೆಳ್ಳೆಗಣ್ಣನ್ನೂ ಯಾವ ದಿನ ನೋಡುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡರೆ ಎರಡು ಸಲ ಅಲೆಯುವುದು ತಪ್ಪುತ್ತದೆ. ಬಂಗಾಳಿ ಬಾರದವರು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ನೌಕರಿಯ ಮೂಲಕ ಬರುವ ಹಕ್ಕನ್ನು ಮರೆಯುವವರು ಬಹಳ. ಪೂರ್ವ ರೈಲ್ವೆಯವರಿಗೆ ಸಿಯಾಲ್ದಾದ ಬಿ. ಆರ್. ಸಿಂಗ್ ಆಸ್ಪತ್ರೆ, ಆಗ್ನೇಯ ರೈಲ್ವೆಯವರಿಗೆ ಗಾರ್ಡನ್ ರೀಚಿನ ಆಸ್ಪತ್ರೆ, ಕೇಂದ್ರ ಸರ್ಕಾರದ ನೌಕರರಿಗೆ ಸಿ.ಜಿ.ಎಚ್.ಎಸ್., ಖಾಸಗಿ ಕಂಪನಿಯ ಕಡಿಮೆ ಸಂಬಳದವರಿಗೆ ಇ.ಎಸ್.ಐ. ಇವೆ. ಇವುಗಳ ಸೌಲಭ್ಯ ನೌಕರನ ಮಕ್ಕಳಿಗೂ ಸಲ್ಲುತ್ತದೆ. ಮೆಡಿಕ್ಲೇಮ್ ಪಾಲಿಸಿಗಳಾದರೋ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುವಂಥವು. ಅವನ್ನು ನಂಬಿ ಥೆರಪಿಗೆ ಸೇರಿಸುವ ಮುನ್ನ ಪಾಲಿಸಿಯ ಕಾಗದವನ್ನು ಓದಿ ನೋಡಿ.

ಶಾಲೆಯ ಮೂಲಕವೂ ದಾರಿಯುಂಟು. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಶಾಲಾ ಮಕ್ಕಳ ಕಣ್ಣಿನ ತಪಾಸಣೆ, ಬಡ ಮಕ್ಕಳಿಗೆ ಉಚಿತ ಕನ್ನಡಕ ಅದರ ಭಾಗಗಳು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದ ತನಕ ಮಕ್ಕಳನ್ನು ತಪಾಸಣೆ ಮಾಡುವ ವ್ಯವಸ್ಥೆಯಿದ್ದು, ದೃಷ್ಟಿದೋಷವೂ ಅದರ ಪಟ್ಟಿಯಲ್ಲಿದೆ. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ.

ಇನ್ನು ಖಾಸಗಿ ಮತ್ತು ಧರ್ಮಾರ್ಥ ಸಂಸ್ಥೆಗಳು. 1978ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಶಂಕರ ನೇತ್ರಾಲಯದ ಶಾಖೆ ಮುಕುಂದಪುರದಲ್ಲಿದೆ; ಸಾಲ್ಟ್ ಲೇಕಿನಲ್ಲಿ ಸುಶ್ರುತ, ಬ್ಯಾರಕ್‌ಪುರದಲ್ಲಿ ದಿಶಾ ಇವೆ. ಇಂಥ ಕಡೆ ರಿಯಾಯಿತಿ ಉಂಟೇ ಎಂದು ಕೇಳುವುದಕ್ಕೆ ನಾಚಿಕೆ ಬೇಡ. ನಮ್ಮ ಮಧ್ಯಮ ವರ್ಗದವರಿಗೆ ಇರುವ ದೊಡ್ಡ ರೋಗ ಈ ಸಂಕೋಚವೇ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ಹೂಡಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದವು. ಅವರ ಶಿಬಿರದಲ್ಲಿ ಸಾಲು ನಿಂತವರಾರೂ ಮಾನ ಕಳೆದುಕೊಳ್ಳಲಿಲ್ಲ. ಕಣ್ಣು ಪಡೆದು ಹೋದರು.

‘ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನಲ್ಲಿ ತೋರಿಸೋಣ’ ಎಂಬ ಮಾತೂ ನಮ್ಮವರಲ್ಲಿ ಸಾಮಾನ್ಯ. 1896ರಷ್ಟು ಹಿಂದಿನ ಮಿಂಟೋ ಆಸ್ಪತ್ರೆ ಅಲ್ಲಿದೆ, ನಿಜ. ಎರಡನೆಯ ಅಭಿಪ್ರಾಯಕ್ಕೆ ಹೋಗುವುದಾದರೆ ಹೋಗಿ. ಆದರೆ ಪೂಜೆಯ ರಜೆಯಲ್ಲಿ ಗೊತ್ತಾದ ತೊಂದರೆಗೆ ಬೇಸಿಗೆಯ ತನಕ ಕಾದರೆ ಅರ್ಧ ವರ್ಷ ಕೈಬಿಟ್ಟು ಹೋಯಿತು. ಇಲ್ಲಿಯೇ ಆರಂಭಿಸಿ, ಕಾಗದಪತ್ರಗಳನ್ನು ಜೊತೆಗೆ ಒಯ್ಯಿರಿ.

ಲೆಕ್ಕ ಹಾಕಿ ನೋಡೋಣ

ಗರಿಯಾ ಕಡೆ ಬಾಡಿಗೆ ಮನೆಯಲ್ಲಿರುವ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಸಂಬಳ 35,000 ರೂಪಾಯಿ. ಬಾಡಿಗೆ 11,000, ಶಾಲೆ 5,000, ದಿನಸಿ ಹಾಲು ತರಕಾರಿ 9,500, ಕರೆಂಟು ಗ್ಯಾಸು ಫೋನು 3,000, ಓಡಾಟ 2,000, ಊರಿಗೆ 3,000. ಉಳಿದದ್ದು 1,500. ಇವರಿಗೆ ಒಂದು ಸಲದ ಥೆರಪಿಗೆ 600 ರೂಪಾಯಿಯಂತೆ, ವಾರಕ್ಕೆ ಎರಡು ಸಲ, 12 ವಾರ ಬನ್ನಿ ಎಂದರೆ 14,400 ಆಯಿತು. ತಿಂಗಳಿಗೆ 4,800. ಸಾಲವೇ ಗತಿ.

ಆದರೆ ತೊಂದರೆಯ ಹೆಸರು ಸೋಮಾರಿ ಕಣ್ಣು ಎಂದಿದ್ದರೆ? ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮೊದಲ ತಿಂಗಳ ಉಳಿತಾಯದಲ್ಲಿ ಕನ್ನಡಕ. ಮುಂದೆ ಪಟ್ಟಿ ಬೇಕಾದಾಗ, ದಿನಕ್ಕೊಂದು ಅಂಟುಪಟ್ಟಿಗೆ 15 ರೂಪಾಯಿ ಹಿಡಿದರೆ ತಿಂಗಳಿಗೆ 450. ಅದೂ ಭಾರವಾದರೆ, ಕನ್ನಡಕದ ಗಾಜಿನ ಮೇಲೆ ಮೈಕ್ರೊಪೋರ್ ಟೇಪು ಅಂಟಿಸಬಹುದೇ ಎಂದು ವೈದ್ಯರನ್ನು ಕೇಳಿ. ಸಂದಿಯಿಂದ ಇಣುಕಲು ಬಾರದಂತಿದ್ದರೆ ಸರಿ.

ಕಣ್ಣು ಕೂಡಿಬಾರದ ತೊಂದರೆಯಾದರೆ ವಾರಕ್ಕೊಮ್ಮೆ ಕೇಂದ್ರ, ಉಳಿದ ದಿನ ಮನೆ ಎಂಬ ಏರ್ಪಾಡು ಸಾಧ್ಯವೇ ಎಂದು ಕೇಳಿ. 12 ಸಲಕ್ಕೆ 7,200, ತಿಂಗಳಿಗೆ 2,400. ಉಳಿತಾಯ ಹೋಗಿ ಕೊರತೆ 900. ಮೂರು ತಿಂಗಳಿಗೆ 2,700. ಇದು ಹಬ್ಬದ ಬಟ್ಟೆಯಲ್ಲಿ ತಗ್ಗಿಸಿಕೊಳ್ಳಬಹುದಾದ ಮೊತ್ತ, ಸಾಲದ ಮೊತ್ತವಲ್ಲ. ನಾವು ಹಿಡಿದ ದರ ಉದಾಹರಣೆಗಷ್ಟೇ. ನಿಮ್ಮ ದರವನ್ನು ಹಾಕಿ ನೋಡಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಆರು ವಾರಕ್ಕೆ ಏನನ್ನು ಅಳೆದು ಗುಣವೆಂದು ಹೇಳುತ್ತೀರಿ ಎಂದು ಮೊದಲೇ ಕೇಳಿ.

ನಿಜವಾದ ಖರ್ಚು

ಮನೆಯ ಚಿಕಿತ್ಸೆಯಲ್ಲಿ ಖರ್ಚಾಗುವುದು ದಿನಕ್ಕೆ ಎರಡು ತಾಸು. ಅದೂ ತಪ್ಪದೆ, ತಿಂಗಳುಗಟ್ಟಲೆ. ಈ ಭಾರವೆಲ್ಲ ತಾಯಿಯ ಹೆಗಲಿಗೇ ಬೀಳುವುದು ನಮ್ಮ ಮನೆಗಳ ರೂಢಿ. ಒಂದು ತಾಸು ತಂದೆಯದು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಪಟ್ಟಿ ಹಾಕಿದ ದಿನಕ್ಕೆ ಮಗುವಿನ ಕೈಯಿಂದಲೇ ಗುರುತು ಹಾಕಿಸಿ.

ಆ ಹೊತ್ತಿನಲ್ಲಿ ಏನು ಮಾಡಿಸಬೇಕು? ಹತ್ತಿರದ ಕೆಲಸ ಮಾಡಿಸಿದರೂ ದೂರದ್ದು ನೋಡಿಸಿದರೂ ಫಲ ಒಂದೇ ಎಂದು 2008ರ ಒಂದು ಅಧ್ಯಯನದಲ್ಲಿ ತಿಳಿದುಬಂದಿದೆ. ಬೆಲೆಬಾಳುವ ಆಟಿಕೆ ಬೇಡ. ಮಗು ಅಳದೆ ಕುಳಿತರಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸಲಿ, ಹೂ ಪೋಣಿಸಲಿ, ಅಳಗುಳಿ ಮಣೆ ಆಡಲಿ, ರಂಗೋಲಿಯ ಚುಕ್ಕಿ ಕೂಡಿಸಲಿ. ಶಾಲೆಯಲ್ಲಿ ಬಂಗಾಳಿ, ಇಂಗ್ಲಿಷು ಕಲಿಯುವ ನಮ್ಮ ಮಕ್ಕಳಿಗೆ ಕನ್ನಡದ ಕಾಗುಣಿತ ತಿದ್ದಿಸಲು ವೇಳೆಯಿಲ್ಲವೆಂದು ಕೊರಗುವ ತಾಯ್ತಂದೆಯರಿಗೆ, ಇಗೋ, ದಿನಕ್ಕೆ ಎರಡು ತಾಸು ದೊರೆಯಿತು.

ಪಟ್ಟಿ ಕಟ್ಟಿದ ಮಗುವನ್ನು ನೆರೆಯ ಮಕ್ಕಳು ಕೆಣಕುವುದುಂಟು; ಅದಕ್ಕಾಗಿ ಶಾಲೆಯಿಂದ ಬಂದ ಮೇಲೆ ಕಟ್ಟುವುದು ವಾಸಿ. ಗುಣವಾಯಿತೆಂದು ನೀವೇ ನಿಲ್ಲಿಸಬೇಡಿ. ನಿಲ್ಲಿಸಿದ ಒಂದು ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ತೊಂದರೆ ಮರುಕಳಿಸಿದ್ದನ್ನು 2004ರ ಅಧ್ಯಯನ ತೋರಿಸಿದೆ. ವೈದ್ಯರು ಹೇಳಿದ ದಿನಕ್ಕೆ ತೋರಿಸುತ್ತಿರಬೇಕು.

ಕೊನೆಯದಾಗಿ ನಮ್ಮ ಸಂಘದ ಮುಂದೆ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಮಕ್ಕಳೆಲ್ಲ ಸೇರುವ ದಿನ ಕಣ್ಣಿನ ವೈದ್ಯರೊಬ್ಬರನ್ನು ಕರೆಸಿ, ಶಾಲೆಗೆ ಸೇರುವ ವಯಸ್ಸಿನ ಮಕ್ಕಳ ಒಂದೊಂದೇ ಕಣ್ಣು ಮುಚ್ಚಿ ನೋಡಿಸಿದರೆ ಆಗುವ ಖರ್ಚು ಅಲ್ಪ. ಬಂಗಾಳಿ ಬಲ್ಲ ನಿವೃತ್ತ ಹಿರಿಯರು ಒಬ್ಬ ತಾಯಿಯ ಜೊತೆಗೆ ಕಾಲೇಜ್ ಸ್ಟ್ರೀಟಿನ ಸಾಲಿನಲ್ಲಿ ಒಂದು ಬೆಳಗು ನಿಂತರೆ ಅದಕ್ಕೆ ಹಣವೇ ಬೇಡ. ಕಣ್ಣಿಗೆ ಕಾಲ ಮೀರುವ ಮೊದಲು ಆ ಮಗು ವೈದ್ಯರ ಮುಂದೆ ಕುಳಿತಿದ್ದರೆ, ಸಂಘ ಈ ಊರಿನಲ್ಲಿ ಇದ್ದದ್ದಕ್ಕೂ ಸಾರ್ಥಕ.